ಮೂರ್ತಿಯ ಕೈಯೊಳಗಿನ ಹಗ್ಗ

ಎಳೆಯುತ್ತದೆ, ಇನ್ನೂ ಎಳೆಯುತ್ತದೆ ಈ ಆಡು, ಬಕೆಟ್ಟಿನೊಳಗೆ ಮೂತಿ ಇಡು ಎಂದರೆ ಬೇವಿನ ಕಡೆಗೇ ಜಗ್ಗುತ್ತದೆ, ಹಗ್ಗ ಉಜ್ಜಿ ಅಂಗೈ ಉರಿಯುತ್ತಿದೆ, ನೋಡು, ಮತ್ತೆ ಸುತ್ತಿಕೊಂಡಿದ್ದೇನೆ, ಬಲಗೈಗೆ ಮೂರು ಸುತ್ತು, ಬಿಚ್ಚು ಪರಸವ್ವಾ ಬಿಚ್ಚು, ಎಪ್ಪತ್ತು ದಾಟಿದರೂ ಈ ಕೈಗೆ ಬುದ್ಧಿ ಬರಲಿಲ್ಲ, ಕುಡಿ ತಾಯಿ, ನಿನ್ನ ಮೇಲೆ ಸಿಟ್ಟಿಲ್ಲ ನನಗೆ, ಸಿಟ್ಟು ಇರುವುದು ಸೊಂಟದ ಸಂಚಿಯಲ್ಲಿ, ಬಗ್ಗಿದಾಗಲೆಲ್ಲ ಲಕೋಟೆಯ ಮೂಲೆ ಚುಚ್ಚುತ್ತದೆ, ಸಂಕ್ರಮಣದಿಂದ ಅಲ್ಲೇ ಕುಳಿತು ಎಲೆಯಡಿಕೆಯ ವಾಸನೆ ಹಿಡಿದಿದೆ, ಮೇಲೆ ನನ್ನದೇ ಅಕ್ಷರ, ನಲವತ್ತರ ಹತ್ತಿರ ಬಂದಾಗ ರಾತ್ರಿ ಶಾಲೆಯಲ್ಲಿ ಕಲಿತ ಡೊಂಕು ಅಕ್ಷರ — ಮೂರ್ತಿ ಕಮಿಟಿಯ ಅಧ್ಯಕ್ಷರು ಗುರಣ್ಣ ಅವರಿಗೆ, ಸಾರವಾಡ. ಬಂದಿದ್ದನಲ್ಲ ಗುರಣ್ಣ, ನನ್ನ ತವರೂರಿನಿಂದ ಇಟ್ಟಂಗಿಹಾಳದ ಈ ಮನೆಯ ತನಕ, ಚಹಾ ಮುಂದಿಟ್ಟರೆ ಈಗಷ್ಟ ಕುಡದು ಬಂದೇನ್ರಿ ಎಂದು ಬಟ್ಟಲು ಮುಟ್ಟಲಿಲ್ಲ, ಫೋನು ಮಾತ್ರ ಮುಂದೆ ಹಿಡಿದ, ನೋಡ್ರಿ ಅಕ್ಕಾರ, ನಿಮ್ಮ ತುಕಾರಾಮಣ್ಣನ ಮೂರ್ತಿ ಹಿಂಗ ಆಗತೈತಿ. ನೋಡಿದರೆ ಸಿನಿಮಾದ ಹೀರೊ, ಎರಡು ಕೈಯಲ್ಲೂ ಬಂದೂಕು, ಹಿಮದಲ್ಲಿ ನಿಂತು ತೋಳು ಬರಿದು, ತೊಡೆಯಷ್ಟು ದಪ್ಪ ತೋಳು. ಇವ ಯಾರಪಾ, ನಮ್ಮಣ್ಣ ಎಲ್ಲಿದಾನ ಅಂದೆ. ಮೋತಿ ಅಷ್ಟ ಅವರದು ಕೂಡಸ್ತಾರ್ರಿ, ಉಳದದ್ದೆಲ್ಲಾ ಪಿಚ್ಚರಿನ್ಯಾಗಿನಂಗ, ಜನಕ್ಕ ಹಂಗ ಇದ್ರ ಸೇರತೈತಿ, ನೀವೊಂದು ಒಪ್ಪಿಗಿ ಬರದು ಸಹಿ ಹಾಕಿ ಕಳಸ್ರಿ. ಮುಖ ಮಾತ್ರ ಅವನದು, ಉಳಿದ ಮೈ, ಉಳಿದ ಸಾವು, ಎಲ್ಲ ಬೇರೆಯವರದು.

ಆ ಪಿಚ್ಚರನ್ನೂ ನೋಡಿದೆ, ನೋಡದೆ ಬಯ್ಯುವವಳಲ್ಲ ನಾನು, ಮೊಮ್ಮಗಳು ಆಮ್ರಪಾಲಿ ತನ್ನ ಫೋನಿನಲ್ಲಿ ಹಚ್ಚಿ ಕೊಟ್ಟಳು, ಎಪ್ಪತ್ತೊಂದರ ಯುದ್ಧವಂತೆ, ಅಣ್ಣ ಸತ್ತ ಯುದ್ಧ, ಹಿಂದಿನ ಗುಡ್ಡದ ಮೇಲೆ ಮೊಬೈಲ್ ಟವರು ಕಾಣುತ್ತದೆ, ಗುಂಡು ಹಾರಿಸಿದಷ್ಟೂ ಮುಗಿಯುವುದಿಲ್ಲ, ಕೆಸರು ಹತ್ತದ ಬೂಟು, ಇಸ್ತ್ರಿ ಕೆಡದ ಅಂಗಿ, ಇದೆಲ್ಲ ಹಳೆಯ ಕಾಯಿಲೆ, ತಿಕೋಟಾದ ಬುಡ್ಡೇಸಾಬ ಮತ್ತು ನಾನು ಇದನ್ನೆಲ್ಲ ಹಿಡಿದು ನಗುತ್ತಲೇ ಮುದುಕರಾದೆವು. ಬುಡ್ಡೇಸಾಬ ಅಣ್ಣನ ಜೊತೆಗೇ ದಂಡಿಗೆ ಭರ್ತಿಯಾದವನು, ಅಣ್ಣನ ಜೊತೆಗೇ ಹೇಸರಗತ್ತೆ ನಡೆಸಿದವನು, ರಸ್ತೆ ಮುಗಿಯುವಲ್ಲಿಂದ ಮೇಲಕ್ಕೆ ಗುಂಡು, ಹಿಟ್ಟು, ಸೀಮೆಎಣ್ಣೆ, ಎಲ್ಲ ಹೋಗುತ್ತಿದ್ದದ್ದು ಆ ಪ್ರಾಣಿಗಳ ಬೆನ್ನ ಮೇಲೆ, ತಿರುಗಿ ಬಂದದ್ದು ಅವನು ಮಾತ್ರ. ವಿಜಾಪುರದ ಟಾಕೀಸಿಗೆ ಯುದ್ಧದ ಪಿಚ್ಚರು ಬಂತೆಂದರೆ ಅವನು, ಅವನ ಹೆಂಡತಿ ಅಬೇದಾ, ನಾನು, ಅಬೇದಾಳ ಸೆರಗಿನಲ್ಲಿ ಹುರಿದ ಶೇಂಗಾ, ಪರದೆಯ ಮೇಲೆ ಹತ್ತಿಯ ಹಿಮ, ಏ ಪರಸವ್ವಾ ನೋಡ ಬೇ, ಆ ಗುಂಡಿನ ಪೆಟಗಿ ಗುಡ್ಡದ ಮ್ಯಾಲ ತಾನ ಹಾರಿ ಹೋತೇನ, ಹೊತ್ತದ್ದು ಎಲ್ಲೈತಿ, ಹಿಡಕೊಂಡು ಹೋದಾಂವ ಎಲ್ಲಿದಾನ? ಹಿಂದಿನವರು ಕಾಕಾ ಸುಮ್ಮ ಕುಂದರ್ರಿ, ನೋಡಾಕ ಬಿಡ್ರಿ ಅಂದರೆ ಅಬೇದಾ ತಿರುಗಿ, ಯಪ್ಪಾ, ಇವರಿಬ್ಬರನ ಕರಕೊಂಡು ಬಂದ್ರ ಯುದ್ಧ ಪಡದೆ ಮ್ಯಾಲ ನಡ್ಯೂದಿಲ್ಲ, ಕುರ್ಚಿ ಮ್ಯಾಲ ನಡೀತೈತಿ. ಎಷ್ಟು ಪಿಚ್ಚರು ನೋಡಿದರೂ ಒಂದರಲ್ಲೂ ಹೇಸರಗತ್ತೆ ಬರಲಿಲ್ಲ, ಅದಕ್ಕೆ ಕಾದೆವು, ಅಷ್ಟೂ ವರ್ಷ ಕಾದೆವು, ಈಗ ಈ ಪಿಚ್ಚರಿನಲ್ಲಿ ಬಂತು ನೋಡಿ, ಬಂದದ್ದು ಕುದುರೆ! ಕಿವಿ ನೋಡಿದರೆ ಗೊತ್ತಾಗುವುದಿಲ್ಲವೆ, ಅದನ್ನು ಹಿಡಿದವನು ಒಬ್ಬ ಕೋಡಂಗಿ, ಗುಂಡಿನ ಸದ್ದಿಗೆ ಅದರ ಹೊಟ್ಟೆಯ ಕೆಳಗೆ ತೂರುತ್ತಾನೆ, ಹಗ್ಗ ಬಿಟ್ಟು ಓಡುತ್ತಾನೆ, ಹೀರೊ ನಗುತ್ತಾನೆ. ಹಗ್ಗ ಬಿಟ್ಟು ಓಡುತ್ತಾನಂತೆ! ಆಯೀ, ಯಾಕ ಅಳಾಕತ್ತಿ, ಇದು ಪಿಚ್ಚರ್ ಬೇ, ಸಾಲಿ ಪುಸ್ತಕಲ್ಲ ಅಂದಳು ಆಮ್ರಪಾಲಿ. ಅಳಲಿಲ್ಲ ನಾನು, ಸಿಟ್ಟಿಗೆ ಕಣ್ಣು ತುಂಬಿತ್ತು. ಪುಸ್ತಕ ಓದುವವರು ಎಷ್ಟು ಜನ ಮಗಳೇ, ಇದನ್ನು ನೋಡಿ ಗುರಣ್ಣ ಸಿಮೆಂಟು ಕಲಿಸುತ್ತಾನೆ, ಸಿಮೆಂಟು ಒಣಗಿದರೆ ಅದೇ ಖರೆ.

ಖರೆ ಏನು ಎಂದು ಬುಡ್ಡೇಸಾಬ ನನಗೆ ಹೇಳಿದ್ದು ಅಪ್ಪ ಸತ್ತ ಮೇಲೆ, ಅಪ್ಪ ಇರುವ ತನಕ ಹೇಳಗೊಡಲಿಲ್ಲ, ಬುಡ್ಡೇಸಾಬ ಬಾಯಿ ತೆರೆದರೆ ಸಾಕು, ನೀ ದೂರ ಇದ್ದಿ, ನಿನಗ ಕಂಡಿಲ್ಲ ಬಿಡೋ ತಮ್ಮಾ ಎಂದು ಎದ್ದು ಹೋಗುತ್ತಿದ್ದ. ಅಪ್ಪ ಗುರಣ್ಣನ ತಾತನ ಎತ್ತು ಕಾಯುತ್ತಿದ್ದ, ನೀರಿಗೆ ಹೊಡೆದುಕೊಂಡು ಹೋಗುವುದು ಅಣ್ಣನ ಕೆಲಸ, ಹಿಂದೆ ನಾನು, ಏ ತುಕ್ಯಾ, ಹಗ್ಗ ಕೈಗಿ ಸುತಗೋ, ಗೌಡರ ಎತ್ತು, ಬಿಟ್ಟು ಹೋತಂದ್ರ ನಮ್ಮ ಕಥಿ ಮುಗೀತು, ಮೂರು ಸುತ್ತು ಸುತ್ತಿ ಅಪ್ಪನೇ ಮುಷ್ಟಿ ಮುಚ್ಚುತ್ತಿದ್ದ. ತಮ್ಮ ಎತ್ತು ತಾವೇ ಹಿಡಿದವರು ಹಗ್ಗ ಹೆಗಲ ಮೇಲೆ ಒಗೆದುಕೊಂಡು ಹಾಡುತ್ತ ಹೋಗುತ್ತಿದ್ದರು, ನಾವು ಸುತ್ತಿಕೊಳ್ಳುತ್ತಿದ್ದೆವು, ಇನ್ನೊಬ್ಬರ ಎತ್ತಲ್ಲವೆ. ದಂಡಿನಲ್ಲಿ ಮೊದಲನೆಯ ದಿನವೇ ಕಲಿಸಿದರಂತೆ, ಹಗ್ಗ ಸುತ್ತಬೇಡಿ, ಸಡಿಲ ಹಿಡಿಯಿರಿ, ಹೇಸರಗತ್ತೆ ಜಾರಿದರೆ ಬಿಟ್ಟುಬಿಡಿ, ಅದು ದಾರಿಯ ಹೊರ ಅಂಚಿನಲ್ಲೇ ನಡೆಯುತ್ತದೆ, ಬೆನ್ನ ಮೇಲಿನ ಹೊರೆ ಬಂಡೆಗೆ ತಾಗಬಾರದೆಂದು. ಬೈಸ್ಕೊಂಡಾನ ಬೇ ಭಾಳ ಸಲ ಅಂದ ಬುಡ್ಡೇಸಾಬ, ಹಗಲೆಲ್ಲಾ ಸಡ್ಲ ಹಿಡೀತಿದ್ದ, ಥಂಡಿಗಿ ಕೈ ಮರಗಟ್ಟಿದ ಮ್ಯಾಲ ಕೈ ತಾನ ಸುತಗೋತಿತ್ತು, ಸರಕಾರದ ಪ್ರಾಣಿ ಲೇ ಸಾಬಾ, ಬಿಟ್ಟು ಹೋದ್ರ ಏನ ಹೇಳೂದು ಅಂತಿದ್ದ. ಒಂದು ರಾತ್ರಿ ಗುಂಡು ತುಂಬಿದ ಪೆಟ್ಟಿಗೆ ಹೊತ್ತ ಹೇಸರಗತ್ತೆ ಜಾರಿತು, ಅದರ ಜೊತೆ ಅವನೂ. ಮರುದಿನ ಕೆಳಗಿಳಿದು ನೋಡಿದರೆ ಎರಡೂ ಜೀವ ಒಂದೇ ಕಡೆ, ಹಿಮ ಸರಿಸಿದರೆ ಮುಷ್ಟಿ, ಮುಷ್ಟಿಗೆ ಮೂರು ಸುತ್ತು, ಬಿಚ್ಚಲು ಬರಲಿಲ್ಲ, ಬುಡ್ಡೇಸಾಬ ಹಗ್ಗ ಕೊಯ್ದ. ಅಪ್ಪನಿಗೆ ಇದನ್ನು ಬಂದು ಹೇಳಿದ ದಿನ ಅಪ್ಪ ತನ್ನ ಅಂಗೈ ನೋಡಿಕೊಂಡು ಕುಳಿತನಂತೆ. ಆಮೇಲೆ ಊರಿಗೆ ಡೇರೆ ಟಾಕೀಸು ಬಂತು, ಒಂದು ಯುದ್ಧದ ಪಿಚ್ಚರು ನೋಡಿ ಬಂದ ಅಪ್ಪನ ಬಾಯಲ್ಲಿ ಮಗನ ಕೈಗೆ ಬಂದೂಕು ಬಂತು, ಮತ್ತೊಂದು ಪಿಚ್ಚರಿಗೆ ಬಾವುಟ ಬಂತು, ಚಾವಡಿ ಕಟ್ಟೆಯ ಮೇಲೆ ಹೇಳುತ್ತ ಹೇಳುತ್ತ ಅವನೇ ನಂಬಿದ, ನಾನೂ ನಂಬಿದ್ದೆ. ಪಾಪ ಅನ್ನಬೇಕೊ ಸಿಟ್ಟಾಗಬೇಕೊ, ಸಿಟ್ಟೇ ಬರುತ್ತದೆ ಅಪ್ಪಾ, ನಿನ್ನ ದುಃಖಕ್ಕೂ ಪಿಚ್ಚರು ತೆಗೆದವರು ತಮ್ಮ ಪಿಚ್ಚರನ್ನೇ ಹೊದಿಸಿ ಕಳಿಸಿದರು.

ಬೇವಿನ ಸೊಪ್ಪು ಸಾಕು, ನಡೆ, ಬಸ್ ಸ್ಟಾಪಿನ ತನಕ ಹೋಗಿ ಬರೋಣ, ಕೆಂಪು ಡಬ್ಬಿ ಇನ್ನೂ ಇದೆ. ಇಷ್ಟು ದಿನ ಯಾಕೆ ತಡೆದೆ ಎಂದರೆ ಮಗ ದೇವಾನಂದ, ಯವ್ವಾ, ನಮ್ಮ ಕೇರಿಯವರದು ಒಂದು ಮೂರ್ತಿ ಊರ ದೊಡ್ಡ ರಸ್ತೆಕ ಬರಾಕತ್ತೈತಿ, ಇಷ್ಟು ವರ್ಷದಾಗ ಮೊದಲನೇದು, ಕೈಯಾಗ ಏನಿದ್ರೇನು, ನೀ ಒಲ್ಲೆ ಅಂದ್ರ ಅವರಿಗೂ ಅದ ಬೇಕಾಗೇತಿ, ಬಿಟ್ಟಬಿಡತಾರ. ಅವನ ಮಾತು ಸುಳ್ಳಲ್ಲ, ಅದಕ್ಕೇ ಸಂಕ್ರಮಣದಿಂದ ಸಂಚಿಯಲ್ಲಿ ಉಳಿಯಿತು, ಮೂರ್ತಿ ಇಲ್ಲದೆ ಹೋದರೆ ನಾನೇ ಅಣ್ಣನನ್ನು ಎರಡನೇ ಸಲ ಕಳೆದಂತಲ್ಲವೆ, ಒಪ್ಪಿಗೆ ಬರೆದರೆ ಇನ್ನೊಬ್ಬನನ್ನು ಅಣ್ಣ ಎಂದಂತಲ್ಲವೆ. ನಿನ್ನೆ ತಿಕೋಟಾಕ್ಕೆ ಹೋಗಿದ್ದೆ, ಬುಡ್ಡೇಸಾಬನಿಗೆ ಈಗ ಹಾಸಿಗೆಯೇ ಗತಿ, ಕಣ್ಣು ಕಾಣುವುದಿಲ್ಲ, ಆ ಪಿಚ್ಚರಿನಲ್ಲಿ ಕೊನೆಗೂ ಹೇಸರಗತ್ತಿ ಬಂತಂತಲ್ಲ ಬೇ, ಹೆಂಗಿತ್ತು ಅಂದ, ಮಕ್ಕಳ ಹಾಗೆ ಮುಖ ಅರಳಿಸಿ ಅಂದ. ಚಲೋ ಇತ್ತಣ್ಣಾ ಅನ್ನಲು ಹೋದೆ, ಬಾಯಿ ಬರಲಿಲ್ಲ. ಕುದರಿ ಇತ್ತು ಅಂದೆ. ಹಿಡಕೊಂಡಾಂವ? ಹಗ್ಗ ಬಿಟ್ಟು ಓಡಿದ ಅಂದೆ. ತಡವರಿಸಿ ನನ್ನ ಕೈ ಹುಡುಕಿ ಹಿಡಿದ, ನಾನ ಕೊಯ್ದೇನಿ ಬೇ ಆ ಹಗ್ಗಾ, ಈ ಕೈಲೆ ಕೊಯ್ದೇನಿ, ಬರೀ, ನನ್ನ ಹೆಸರ ಹಾಕಿ ಬರೀ. ರಾತ್ರಿಯೇ ಲಕೋಟೆ ಬಿಚ್ಚಿ ಕಾಗದದಲ್ಲಿ ಅವನ ಹೆಸರು ಹಾಕಿದ್ದೇನೆ. ಬಂದೂಕು ಬೇಡ, ಹಗ್ಗ ಕೊಡಿ, ಹಗ್ಗ ಮುಷ್ಟಿಗೆ ಮೂರು ಸುತ್ತು ಇರಲಿ, ಪಕ್ಕದಲ್ಲಿ ಹೇಸರಗತ್ತೆ ಇರಲಿ, ಕಿವಿ ಉದ್ದ ಇರಲಿ, ಹಾಗಿದ್ದರೆ ಸಹಿ ಇದೆ, ಇಲ್ಲವಾದರೆ ಮೂರ್ತಿಯೇ ಬೇಡ. ಜನ ನಗತಾರ್ರಿ ಅಕ್ಕಾರ ಅನ್ನುತ್ತಾನೆ ಗುರಣ್ಣ, ನಗಲಿ, ಹಗ್ಗ ಸುತ್ತಿಕೊಂಡದ್ದು ಅಣ್ಣನ ತಪ್ಪೇ ಇರಬಹುದು, ಅವನದೇ ತಪ್ಪು, ಗುರಣ್ಣಾ, ನಿನ್ನ ತಾತನ ಎತ್ತು ಹಿಡಿದು ಕಲಿತ ತಪ್ಪು, ಅದೂ ಇರಲಿ ಆ ಸಿಮೆಂಟಿನಲ್ಲಿ. ಅಂಗಡಿ ಮುಂದಿನ ಹುಚ್ಚವ್ವ ಕೇಳುತ್ತಾಳೆ, ಎಲ್ಲಿಗೆ ಹೊಂಟ್ಯಬೇ ಆಡು ಕರಕೊಂಡು, ಪೋಸ್ಟಿಗೇನ? ಹೂಂ ಅಂದೆ, ಬಂತು ಡಬ್ಬಿ, ತುಕ್ಕು ಹಿಡಿದ ಬಾಯಿ, ಲಕೋಟೆ ಅರ್ಧ ಒಳಗೆ, ಬೆರಳು ಬಿಡುತ್ತಿಲ್ಲ, ಆ ಕಡೆ ಆಡು ಜಗ್ಗುತ್ತದೆ, ಈ ಕಡೆ ಕಾಗದ, ಬಿಡು ಪರಸವ್ವಾ, ಬಿಡು, ಇದು ಇನ್ನೊಬ್ಬರದಲ್ಲ, ನಿನ್ನದೇ — ಬಿತ್ತು, ತಳಕ್ಕೆ ಬಿದ್ದ ಸದ್ದು ಕೇಳಿತು, ಈ ಕೈ ಬರಿದಾಯಿತು, ಆ ಕೈ ನೋಡಿದರೆ ಮತ್ತೆ ಹಗ್ಗ, ಯಾವಾಗ ಸುತ್ತಿಕೊಂಡೆ, ಬಿಚ್ಚಬೇಕು, ಬಿಚ್ಚುವುದಿಲ್ಲ, ಹಿಮ ಸರಿಸಿದರೆ ಮುಷ್ಟಿ, ಮುಷ್ಟಿಗೆ ಮೂರು ಸುತ್ತು, ಮುಷ್ಟಿ ಅಣ್ಣನದೊ ನನ್ನದೊ