ಹಿಡಿದವನ ಲೆಕ್ಕಕ್ಕೆ

ಧರ್ಮಪಾಲ ಕೋಟ್ಯಾನ್ ಚೆಂಡನ್ನು ಹಿಡಿಯುತ್ತಿರಲಿಲ್ಲ, ತಟ್ಟುತ್ತಿದ್ದ. ಹೆಜಮಾಡಿಯ ಶಾಲೆಯ ಮೈದಾನದಲ್ಲಿ ವಾಲಿಬಾಲ್ ಆಡಿ ಪಳಗಿದ ಕೈ ಅದು. ವಾಲಿಬಾಲ್‌ನಲ್ಲಿ ಚೆಂಡು ಹಿಡಿದರೆ ತಪ್ಪು. ಟಯರ್ ಗೋದಾಮಿನ ಸ್ಟೋರ್‌ಕೀಪರ್ ಆಗಿ ದುಬೈಗೆ ಬಂದವನು ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನ ಹಿಂದಿನ ಮರಳಿನಲ್ಲಿ ನೆಟ್ ಕಟ್ಟಿ ಆಡುತ್ತಿದ್ದಾಗ, ಯಾರೋ ಅವನ ಎತ್ತರ ನೋಡಿ ಬಾಸ್ಕೆಟ್‌ಬಾಲ್ ತಂಡಕ್ಕೆ ಎಳೆದುಕೊಂಡು ಹೋದರು. ಆಟ ಬದಲಾಯಿತು, ಕೈ ಬದಲಾಗಲಿಲ್ಲ. ರಿಂಗಿಗೆ ಬಡಿದು ತಪ್ಪಿದ ಚೆಂಡು ಕೆಳಗೆ ಬರುವಾಗ ಅವನು ಎಲ್ಲರಿಗಿಂತ ಮೊದಲು ಹಾರಿ, ಎಲ್ಲರಿಗಿಂತ ಮೇಲೆ ಮುಟ್ಟಿ, ಬೆರಳ ತುದಿಯಿಂದ ಹೊರಗೆ ದೂಡುತ್ತಿದ್ದ. ಅಲ್ಲಿ ಕಾಲು ಅಗಲಿಸಿ ನಿಂತಿರುತ್ತಿದ್ದವನು ಫ್ಲಾಯ್ಡ್ ಪಿಂಟೊ. ಫ್ಲಾಯ್ಡ್ ಕೈಗೆ ಬಿದ್ದ ಚೆಂಡು ಬಾವಿಗೆ ಬಿದ್ದ ಕೊಡಪಾನದ ಹಾಗೆ, ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ.

ತಪ್ಪಿದ ಚೆಂಡನ್ನು ಹೀಗೆ ವಶ ಮಾಡಿಕೊಳ್ಳುವುದೇ ರಿಬೌಂಡ್. ಇಬ್ಬರೂ ಆಡುತ್ತಿದ್ದ ಕ್ರೀಕ್ ಹೆರಾನ್ಸ್ ಸಂಬಳ ಕೊಟ್ಟು ಆಡಿಸುವ ತಂಡ. ಲಾಂಛನದಲ್ಲಿ ಕೊಕ್ಕರೆ ಇದ್ದುದರಿಂದ ನಮ್ಮ ಕಡೆಯವರಿಗೆ ಅದು ಕೊಕ್ಕರೆ ಟೀಮು. ಅದರ ದಾಖಲೆಯಲ್ಲಿ ಅತಿ ಹೆಚ್ಚು ರಿಬೌಂಡ್ ಇದ್ದದ್ದು ಫ್ಲಾಯ್ಡ್ ಹೆಸರಿಗೆ. ಧರ್ಮಪಾಲ ಒಂಬತ್ತನೆಯವನು. ಹಳೆಯ ಆಟಗಾರರು ಎಲ್ಲಿ ಸೇರಿದರೂ ಅವನನ್ನು ‘ಪೆಟ್ಟು ಧರ್ಮ’ ಎಂದೇ ಕರೆಯುತ್ತಿದ್ದರು. ಅವನು ನಗುತ್ತಿದ್ದ. ಮಗಳು ಅಶ್ಮಿತಾ ನಗುತ್ತಿರಲಿಲ್ಲ.

ಅಶ್ಮಿತಾಳಿಗೆ ಈಗ ಅದೇ ತಂಡದ ಮೀಡಿಯಾ ವಿಭಾಗದಲ್ಲಿ ಕೆಲಸ. ತಂಡ ಅಲ್ ಕೂಜ್‌ನಲ್ಲಿ ಒಂದು ಗೋದಾಮನ್ನು ಒಡೆದು ಹೊಸ ಅಂಗಣ ಮಾಡಿಕೊಂಡಿತ್ತು. ಅದರ ಗೋಡೆಗೆ ತಂಡದ ಐವರು ಶ್ರೇಷ್ಠ ರಿಬೌಂಡರ್‌ಗಳ ಆಳೆತ್ತರದ ಚಿತ್ರ ಬರಬೇಕಿತ್ತು. ಹೆಸರು, ಚಿತ್ರ, ಸಂಖ್ಯೆ ಎಲ್ಲವನ್ನೂ ಹೊಂದಿಸುವ ಜವಾಬ್ದಾರಿ ಅವಳದ್ದು. ಹಳೆಯ ಆಟಗಳ ವಿಡಿಯೊ ಫ್ಲಾಯ್ಡ್ ಬಳಿ ಇತ್ತು. ಅವನು ಎರಡು ಪೆಟ್ಟಿಗೆ ತುಂಬ ಸಿ.ಡಿ.ಗಳನ್ನು ತಂದು ಅವಳ ಮೇಜಿನ ಮೇಲಿಟ್ಟು, ತನ್ನ ಹೊಟ್ಟೆ ಚಪ್ಪಟೆಯಾಗಿದ್ದ ಕಾಲದ ಒಂದು ಚಿತ್ರ ಹುಡುಕು ಎಂದು ಹೇಳಿಹೋದ.

ರಂಜಾನ್ ಆದ್ದರಿಂದ ಆಫೀಸು ಮಧ್ಯಾಹ್ನಕ್ಕೇ ಖಾಲಿಯಾಗುತ್ತಿತ್ತು. ಅಶ್ಮಿತಾ ಒಬ್ಬಳೇ ಕೂತು ನೋಡಿದಳು. ನೋಡುತ್ತ ಹೋದಂತೆ ವಿಷಯ ಸ್ಪಷ್ಟವಾಯಿತು. ನಿಯಮದ ಪ್ರಕಾರ ಒಬ್ಬ ಬೇಕೆಂದೇ ತನ್ನವನ ಕಡೆಗೆ ಚೆಂಡು ತಟ್ಟಿಕೊಟ್ಟರೆ ರಿಬೌಂಡ್ ತಟ್ಟಿದವನಿಗೇ ಸೇರಬೇಕು. ಆ ಕಾಲದಲ್ಲಿ ಅಂಕಿ ಬರೆಯಲು ಕೂರುತ್ತಿದ್ದವರು ತಂಡದ ಗೆಳೆಯರು. ಕೊನೆಗೆ ಚೆಂಡು ಯಾರ ಎರಡು ಕೈಯಲ್ಲಿ ಕಂಡಿತೋ ಅವರ ಹೆಸರಿಗೆ ಗೀಟು ಹಾಕುತ್ತಿದ್ದರು. ಅಪ್ಪ ತಟ್ಟಿದ್ದೆಲ್ಲ ಫ್ಲಾಯ್ಡ್ ಅಂಕಲ್ ಲೆಕ್ಕಕ್ಕೆ ಹೋಗಿತ್ತು.

ಅವಳು ವಿಭಾಗದ ಮುಖ್ಯಸ್ಥೆ ಸಮೀಹಾಳ ಬಳಿ ಹೋದಳು. ಸಮೀಹಾ ಉಳ್ಳಾಲದ ಬ್ಯಾರಿ ಮನೆಯವಳು, ಮಾತು ಕಡಿಮೆ. ಪೂರ್ತಿ ಕೇಳಿಸಿಕೊಂಡು, ಪುನಃ ಎಣಿಸುವುದಾದರೆ ಎಣಿಸು ಎಂದಳು.

“ಆದರೆ ಅಪ್ಪನಿಗೊಂದು ರೂಲ್, ಬೇರೆಯವರಿಗೊಂದು ರೂಲ್ ಆಗ್ಲಿಕ್ಕಿಲ್ಲ. ಎಣಿಸಿದ್ರೆ ಎಲ್ಲರದ್ದೂ ಎಣಿಸ್ಬೇಕು.”

ಅಶ್ಮಿತಾ ಎಲ್ಲರದ್ದೂ ಎಣಿಸಿದಳು. ರಂಜಾನ್ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಅವಳಿಗೆ ಬೇಡವಾದ ಇನ್ನೊಂದು ವಿಷಯವೂ ಕಂಡಿತ್ತು. ಅಪ್ಪ ತಟ್ಟಿದ ಚೆಂಡು ಯಾವಾಗಲೂ ಫ್ಲಾಯ್ಡ್‌ಗೇ ಹೋಗುತ್ತಿರಲಿಲ್ಲ. ಎಷ್ಟೋ ಸಲ ಎದುರಾಳಿಯ ಕೈಗೆ ಹೋಗುತ್ತಿತ್ತು, ಎಷ್ಟೋ ಸಲ ಗೆರೆ ದಾಟಿ ನೀರಿನ ಬಾಟಲಿಗಳ ಮಧ್ಯೆ ಬೀಳುತ್ತಿತ್ತು. ಅವು ಯಾವ ನಿಯಮದಲ್ಲೂ ಅವನ ರಿಬೌಂಡ್ ಅಲ್ಲ. ನೆನಪಿನಲ್ಲಿ ಉಳಿದದ್ದು ಫ್ಲಾಯ್ಡ್‌ಗೆ ಸಿಕ್ಕಿದವು ಮಾತ್ರ.

ಹೊಸ ಲೆಕ್ಕದಲ್ಲಿ ಧರ್ಮಪಾಲ ಒಂಬತ್ತರಿಂದ ಆರಕ್ಕೆ ಬಂದ. ಫ್ಲಾಯ್ಡ್ ಒಂದರಿಂದ ಮೂರಕ್ಕೆ ಇಳಿದ. ಗೋಡೆಯಲ್ಲಿ ಜಾಗ ಐವರಿಗೆ.

ಸಮೀಹಾ ಎರಡೂ ಪಟ್ಟಿ ನೋಡಿ ವಾಪಸು ಕೊಟ್ಟಳು. ಪ್ರಿಂಟಿಗೆ ಹೋಗಲು ಇನ್ನೂ ಸಮಯವಿದೆ, ಯಾವುದು ಬೇಕಾದರೂ ಹಾಕು, ಹಾಕಿದ ಮೇಲೆ ಯಾರೇ ಕೇಳಿದರೂ ಉತ್ತರ ನೀನೇ ಕೊಡಬೇಕು ಎಂದಳು. ಹಳೆಯ ಪಟ್ಟಿ ಹಾಕಿದರೆ ಯಾರೂ ಕೇಳುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಮನೆಯಲ್ಲಿ ಊಟದ ಹೊತ್ತಿಗೆ ಅಶ್ಮಿತಾ ಅಪ್ಪನಿಗೆ ಹೇಳಿಬಿಟ್ಟಳು. ಅಮ್ಮ ವಸಂತಿ ಮೀನಿನ ಸಾರು ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು. ಅಪ್ಪನಿಗೆ ಸಂತೋಷವಾಗಬಹುದು, ಕನಿಷ್ಠ ಆರನೆಯವನಾದದ್ದಕ್ಕೆ ಒಂದು ನಗು ಬರಬಹುದು ಎಂದು ಅಶ್ಮಿತಾ ಅಂದುಕೊಂಡಿದ್ದಳು. ಧರ್ಮಪಾಲ ಮೀನಿನ ಮುಳ್ಳು ತೆಗೆದು ಬಟ್ಟಲ ಅಂಚಿಗಿಟ್ಟ.

“ನಿನಗೆ ಯಾರು ಹೇಳಿದ್ದು ಎಣಿಸ್ಲಿಕ್ಕೆ?”

“Nobody, Pappa. It was wrong, so I checked.”

“ಎಂತ ರಾಂಗ್? ಮುಟ್ಟಿದವ ಹಿಡೀಬೇಕಿತ್ತು. ನಾನು ಹಿಡೀಲಿಲ್ಲ, ಅವ ಹಿಡಿದ. ನನಗೆ ಕೊಡ್ಸಲಿಕ್ಕೆ ಹೋಗಿ ಅವನದ್ದು ತೆಗ್ದು ಬಂದ್ಯಲ್ಲ. ನನಗಾದ್ರೂ ಸಿಕ್ಕಿತಾ? ಅದೂ ಇಲ್ಲ.”

ಹಳೆಯದನ್ನೇ ಹಾಕು ಎಂದು ಹೇಳಿ ಅವನು ಕೈ ತೊಳೆಯಲು ಎದ್ದ. ವಸಂತಿ ಮಾತ್ರ ಮಗಳ ಬಟ್ಟಲಿಗೆ ಇನ್ನೊಂದು ತುಂಡು ಹಾಕುತ್ತ, ಇಪ್ಪತ್ತು ವರ್ಷ ಪೆಟ್ಟು ಧರ್ಮ ಅನ್ನಿಸಿಕೊಂಡು ನಕ್ಕವರಿಗೆ ಇವತ್ತು ಸಿಟ್ಟು ಬಂತು ನೋಡು ಎಂದು ಗೊಣಗಿದಳು.

ಫ್ಲಾಯ್ಡ್‌ಗೆ ಹೇಳದೆ ಇರುವ ಹಾಗಿರಲಿಲ್ಲ. ವಿಡಿಯೊ ಕೊಟ್ಟವನು ಅವನು. ಅವನು ಬರ್ ದುಬೈಯ ಹೋಟೆಲೊಂದರಲ್ಲಿ ಫ್ರಂಟ್ ಆಫೀಸ್ ನೋಡಿಕೊಳ್ಳುತ್ತಿದ್ದ. ಡ್ಯೂಟಿ ಮುಗಿಸಿ ಅಬ್ರಾ ದೋಣಿಗಳು ನಿಲ್ಲುವಲ್ಲಿಗೆ ಬಂದು, ಕರಕ್ ಚಹಾದ ಎರಡು ಕಪ್ ತೆಗೆದುಕೊಂಡು ಅವಳ ಪಕ್ಕ ಕೂತ. ಎಡ ಮೊಣಕಾಲನ್ನು ಮಡಚಲಾಗದೆ ಉದ್ದಕ್ಕೆ ಚಾಚಿದ. ಅಶ್ಮಿತಾ ಸುತ್ತಿಬಳಸದೆ ಹೇಳಿದಳು. ಅವನು ಚಹಾ ಕುಡಿಯಲಿಲ್ಲ.

“ಮೂರನೆಯವನಾ?”

“ಹೌದು ಅಂಕಲ್.”

“ಒಳ್ಳೆಯದಾಯ್ತು. ಸಿ.ಡಿ. ತಂದುಕೊಟ್ಟದ್ದು ನಾನೇ ಅಲ್ಲವಾ.”

ಒಂದು ದೋಣಿ ತುಂಬಿ ಹೋಯಿತು, ಇನ್ನೊಂದು ಬಂತು. ತನ್ನ ಮಗ ಶಾನ್ ಅಬುಧಾಬಿಯಿಂದ ಹೆಂಡತಿ ಮಕ್ಕಳನ್ನು ಕರೆದುಕೊಂಡು ಆ ಗೋಡೆ ನೋಡಲು ಬರುತ್ತಾನೆ, ಮೊಮ್ಮಗಳಿಗೆ ಅಜ್ಜ ನಂಬರ್ ಒನ್ ಎಂದು ಹೇಳಿ ಆಗಿದೆ ಎಂದು ಫ್ಲಾಯ್ಡ್ ನೀರಿನ ಕಡೆ ನೋಡುತ್ತ ಹೇಳಿದ. ಅಶ್ಮಿತಾ, ನೀವು ಹೇಳಿದರೆ ಹಳೆಯದನ್ನೇ ಹಾಕುತ್ತೇನೆ, ಅಪ್ಪನೂ ಹಾಗೆಯೇ ಹೇಳಿದ್ದಾರೆ ಎಂದಳು. ಫ್ಲಾಯ್ಡ್ ಹೇಳಿದ್ದರೆ ಅವಳು ಹಾಕುತ್ತಿದ್ದಳು. ಹೇಳಲಿ ಎಂದೇ ಅವಳಿಗೆ ಇತ್ತು.

“ನಿನ್ನ ಅಪ್ಪನಿಗೆ ಹೇಳ್ಲಿಕ್ಕೆ ಸುಲಭ, ಒಳ್ಳೆ ಜನ ಆಗ್ಬಹುದು. ನಾನು ಹೇಳಿದ್ರೆ ಬೇಡಿದ ಹಾಗಾಗ್ತದೆ.” ಫ್ಲಾಯ್ಡ್ ತಣ್ಣಗಾದ ಚಹಾವನ್ನು ಒಂದೇ ಸಲ ಕುಡಿದ. “ನೀನು ಎಣಿಸಿದ್ದು ಸರಿ ಉಂಟಲ್ಲ?”

“ಎರಡು ಸಲ ನೋಡಿದ್ದೇನೆ.”

“ಹಾಗಾದ್ರೆ ನನ್ನತ್ರ ಎಂತಕ್ಕೆ ಕೇಳ್ತಿ? ಖಲಾಸ್.”

ಅವನು ಕಪ್ಪನ್ನು ಹಿಸುಕಿ ಬುಟ್ಟಿಗೆ ಎಸೆದ. ಅದು ಹೊರಗೆ ಬಿತ್ತು. ಎತ್ತಿ ಹಾಕದೆ ಹೊರಟುಹೋದ. ಅವಳೇ ಎತ್ತಿ ಹಾಕಿದಳು.

ಅಶ್ಮಿತಾ ಹೊಸ ಪಟ್ಟಿಯನ್ನೇ ಪ್ರಿಂಟಿಗೆ ಕಳಿಸಿದಳು. ಕಳಿಸಿದ ಮೇಲೆ ಮನಸ್ಸೇನೂ ಹಗುರವಾಗಲಿಲ್ಲ. ಅಪ್ಪ ಒಂದು ವಾರ ಅವಳ ಜೊತೆ ಅಗತ್ಯಕ್ಕೆ ಮಾತ್ರ ಮಾತಾಡಿದ.

ಅನಾವರಣದ ಸಂಜೆ ಗೋಡೆಯ ಮೊದಲ ಜಾಗದಲ್ಲಿ ಸೆನೆಗಲ್‌ನ ಮಮಾದು ಇದ್ದ, ಎರಡನೆಯದರಲ್ಲಿ ಲೆಬನಾನಿನ ಒಬ್ಬ. ಮೂರನೆಯದರಲ್ಲಿ ಹೊಟ್ಟೆ ಚಪ್ಪಟೆಯಾಗಿದ್ದ ಫ್ಲಾಯ್ಡ್. ಮೊಮ್ಮಗಳು ಮೊದಲನೆಯ ಚಿತ್ರದ ಮುಂದೆ ನಿಂತು ಅಜ್ಜನನ್ನು ಹುಡುಕಿದಳು, ಆಮೇಲೆ ಶಾನ್ ಅವಳನ್ನು ಕೈ ಹಿಡಿದು ಈಚೆ ಕರೆತಂದ. ಫ್ಲಾಯ್ಡ್ ಎಲ್ಲರೊಂದಿಗೆ ಫೋಟೊ ತೆಗೆಸಿಕೊಂಡ. ಅಶ್ಮಿತಾಳ ಕಡೆಗೆ ನೋಡಲಿಲ್ಲ.

ಜನ ಸಮೋಸ ಇಟ್ಟಿದ್ದ ಕಡೆಗೆ ಸರಿದ ಮೇಲೆ ಅಂಗಣದಲ್ಲಿ ಫ್ಲಾಯ್ಡ್, ಧರ್ಮಪಾಲ, ಅಶ್ಮಿತಾ ಮೂವರೇ ಉಳಿದರು. ಫ್ಲಾಯ್ಡ್ ರ‍್ಯಾಕಿನಿಂದ ಒಂದು ಚೆಂಡು ತೆಗೆದ.

“ಬಾ ಮಾರಾಯ, ನಿಲ್ಲು ಅಲ್ಲಿ. ಈ ಸಲ ತಟ್ಟಬೇಡ. ಹಿಡಿ. ನಿನ್ನಿಂದ ನಾನು ಹಾಳಾದದ್ದು ಸಾಕು.”

ಧರ್ಮಪಾಲ ರಿಂಗಿನ ಕೆಳಗೆ ಹೋಗಿ ನಿಂತ. ಫ್ಲಾಯ್ಡ್ ಎಸೆದ. ಚೆಂಡು ರಿಂಗಿನ ಹಿಂಬದಿಗೆ ಬಡಿದು ಮೇಲೆದ್ದಿತು. ಧರ್ಮಪಾಲ ಹಾರಲಿಲ್ಲ, ಈಗ ಹಾರುವ ವಯಸ್ಸೂ ಅಲ್ಲ. ಎರಡೂ ಕೈ ಅಗಲಿಸಿ, ಮಗುವನ್ನು ಎತ್ತಿಕೊಳ್ಳುವವನ ಹಾಗೆ ಕಾದ. ಚೆಂಡು ಕೈಗಳ ನಡುವೆ ನುಸುಳಿ ಎದೆಗೆ ಬಡಿದು, ಕನ್ನಡಕ ಬೀಳಿಸಿ, ಗೆರೆ ದಾಟಿ ಗೋಡೆಯ ಬುಡಕ್ಕೆ ಉರುಳಿತು.

ಫ್ಲಾಯ್ಡ್ ಆ ಸಂಜೆ ಮೊದಲ ಸಲ ಅಶ್ಮಿತಾಳ ಕಡೆ ತಿರುಗಿದ.

“ಇದು ಯಾರ ಲೆಕ್ಕಕ್ಕೆ?”

“ಎದುರು ಟೀಮಿಗೆ, ಅಂಕಲ್.”

ಧರ್ಮಪಾಲ ಬಗ್ಗಿ ಕನ್ನಡಕ ಎತ್ತಿಕೊಂಡ. ಇವಳು ಬಿಡುವವಳಲ್ಲ ಎಂದು ತುಳುವಿನಲ್ಲಿ ಫ್ಲಾಯ್ಡ್‌ಗೆ ಹೇಳಿದ. ಫ್ಲಾಯ್ಡ್ ಕುಂಟುತ್ತ ಚೆಂಡು ತರಲು ಹೋದ.