ತೂತಿಲ್ಲದ ಗುಂಡಿ

ಮಧ್ಯಾಹ್ನದ ಹೊತ್ತು. ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಗೂಟಕ್ಕೆ ತೂಗುಹಾಕಿದ ಬಿಳಿ ಕೋಟಿನ ಮೇಲೆ ಕಿಟಕಿಯ ಬಿಸಿಲು ಬಿದ್ದು, ಕೋಣೆಯೆಲ್ಲ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ನಾನು ಅಂಗಿಯೊಂದಕ್ಕೆ ಗುಂಡಿ ಹಚ್ಚಲು ಕೂತಿದ್ದೆ. ಡಬ್ಬಿಗೆ ಕೈ ಹಾಕಿ ಒಂದು ಬಿಳಿ ಗುಂಡಿ ತೆಗೆದೆ. ಸೂಜಿ ತೂರಿಸಲು ಹೋದರೆ ತೂತೇ ಇಲ್ಲ. ತಿರುಗಿಸಿ ನೋಡಿದೆ, ಆ ಕಡೆಯೂ ಇಲ್ಲ. ಬೆರಳಿಗೆ ಬಿಳಿ ಪುಡಿ ಹತ್ತಿತು.

ಅದು ಗುಂಡಿಯಲ್ಲ, ಮಾತ್ರೆ. ಡಬ್ಬಿ ಕೆದಕಿದರೆ ಇನ್ನಷ್ಟು ಸಿಕ್ಕವು.

ನಮ್ಮ ಮನೆಯವರದು ರಫೂ ಕೆಲಸ. ಬಟ್ಟೆ ಹರಿದ ಕಡೆ, ಇಲಿ ಕಡಿದ ಕಡೆ, ಅದೇ ಬಟ್ಟೆಯ ಅಂಚಿನಿಂದ ನೂಲು ಬಿಡಿಸಿ, ಎಳೆಗೆ ಎಳೆ ಹೆಣೆದು ತೂತು ಮುಚ್ಚುತ್ತಾರೆ. ಅವರು ಮುಚ್ಚಿದ ಜಾಗವನ್ನು ಭೂತಗನ್ನಡಿ ಹಿಡಿದರೂ ಹುಡುಕಲಾಗದು. ಬೀದಿಯವರೆಲ್ಲ ಅವರನ್ನು ರಫೂ ಮಾವ ಎನ್ನುತ್ತಾರೆ. ಹೋದ ಚಳಿಗಾಲದಲ್ಲಿ ಅವರಿಗೆ ಹೃದಯಾಘಾತವಾಯಿತು. ದೊಡ್ಡಾಸ್ಪತ್ರೆಯಲ್ಲಿ ಹೃದಯದ ರಕ್ತನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಬಲೆಯ ಕೊಳವೆ ಕೂರಿಸಿದರು. ಅಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಮಾತ್ರೆ ಕೊಟ್ಟು ಕಳಿಸಿದರು. ದಿನಾ ಬೆಳಿಗ್ಗೆ ನಾನೇ ಅವರ ಅಂಗೈಗೆ ಮಾತ್ರೆ ಹಾಕುತ್ತಿದ್ದೆ. ಅವರು ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದರು. ಮಾತ್ರೆಯನ್ನು ನಾಲಿಗೆಯಡಿ ಅಡಗಿಸಿ ಕುಡಿದದ್ದು ಬರೀ ನೀರು ಎಂದು ಈಗ ಗೊತ್ತಾಯಿತು. ಇಷ್ಟು ವರ್ಷ ಸಂಸಾರ ಮಾಡಿದವಳ ಕಣ್ಣಿಗೇ ಮಣ್ಣೆರಚಿದರಲ್ಲ ಎಂದು ನನ್ನ ಮೈಯೆಲ್ಲ ಉರಿಯಿತು.

ಅವರು ಗೋಡೆಗೊರಗಿ ತೂಕಡಿಸುತ್ತಿದ್ದರು. ಸೂಜಿ ಇನ್ನೂ ಕೈಯಲ್ಲೇ ಇತ್ತು.

"ರೀ, ಈ ಗುಂಡಿ ಯಾವ ಅಂಗಿದು?" ಎಂದೆ.

ಕಣ್ಣು ಬಿಟ್ಟರು. ನನ್ನ ಅಂಗೈ ನೋಡಿದರು, ಮುಖ ನೋಡಿದರು. ಹಾಲು ಕುಡಿದು ಸಿಕ್ಕಿಬಿದ್ದ ಬೆಕ್ಕಿನ ಹಾಗೆ ಮುಖ ಆಚೆ ತಿರುಗಿಸಿದರು.

"ಆ ಬಿಳಿ ಕೋಟು ಹೋಗೋ ತನಕ ಮಾತ್ರ ಕಣೆ."

"ಏನು, ಕೋಟು ಹೋಗೋ ತನಕ?"

"ಮಾತ್ರೆ ಬಿಟ್ಟಿರೋದು." ಎಡಗೈಯ ತೋರುಬೆರಳು ಎತ್ತಿ ತೋರಿಸಿದರು. ರಫೂ ಮಾಡುವಾಗ ಆ ಬೆರಳು ಬಟ್ಟೆಯ ಅಡಿಯಲ್ಲಿರುತ್ತದೆ. ಮೇಲಿನಿಂದ ಇಳಿದ ಸೂಜಿಯ ಮೊನೆ ತಾಗುವುದು ಅದಕ್ಕೇ. "ಮೊದಲೆಲ್ಲ ಚುಚ್ಚಿದ್ರೆ ಬಾಯಲ್ಲಿಟ್ಕೋತಿದ್ದೆ, ನಿಂತು ಹೋಗ್ತಿತ್ತು. ಈ ಮಾತ್ರೆ ಶುರುವಾದ ಮೇಲೆ ನಿಂತಂಗೆ ಮಾಡಿ ಮತ್ತೆ ಜಿನುಗುತ್ತೆ. ಕಪ್ಪು ಬಟ್ಟೆ ಆಗಿದ್ರೆ ನಡೀತಿತ್ತು. ಇದು ಮದುಮಗನ ಕೋಟು. ಬಿಳಿ ಉಣ್ಣೆ ಮೇಲೆ ಒಂದು ಚುಕ್ಕೆ ಬಿದ್ರೂ ನನ್ನ ಹೆಸರು ಮಣ್ಣುಪಾಲು."

"ಜೀವ ಹೋದ ಮೇಲೆ ಹೆಸರು ಕಟ್ಕೊಂಡು ಏನು ಮಾಡ್ತೀರಿ?"

"ಏನೂ ಆಗಲ್ಲ ಬಿಡೆ. ಬೇಗ ನಿಲ್ಲೋ ರಕ್ತನೇ ಗಟ್ಟಿ ರಕ್ತ ಅಂತ ನಮ್ಮ ಕಸುಬಿನ ಹಿರಿಯರು ಹೇಳ್ತಿದ್ರು. ವಾರದ ಮೇಲಾಯ್ತು ಮಾತ್ರೆ ಬಿಟ್ಟು. ಈಗ ಮೊದಲಿನ ಹಾಗೆ ತಟ್ಟಂತ ನಿಲ್ತಿದೆ. ನಾನು ಹುಷಾರಾಗಿದೀನಿ ಅಂತಲೇ ಅರ್ಥ."

ನಾನು ಬಾಯಿ ತೆಗೆಯುವಷ್ಟರಲ್ಲಿ ಅವರು ಕೋಟಿನ ಕಡೆ ನೋಡುತ್ತಾ ಮೆಲ್ಲಗೆ ಹೇಳಿದರು, "ಒಂದು ಕನಸು ಮಾತ್ರ ಬಿಡದೆ ಬೀಳ್ತಿದೆ ಕಣೆ. ಈಗಲೂ ಬಿದ್ದಿತ್ತು."

"ಎಂಥ ಕನಸು?"

"ಒಂದು ಉದ್ದನೆ ತೋಳಿನೊಳಗೆ ನಡ್ಕೊಂಡು ಹೋಗ್ತಿರ್ತೀನಿ. ಅಂಗಿ ತೋಳು. ಕಾಲಡಿ ಮೆತ್ತಗಿರುತ್ತೆ. ಬಟ್ಟೆಯಿಂದ ಬೆಳಕು ಸೋಸಿ ಬರ್ತಿರುತ್ತೆ. ಹಗುರವಾಗಿ, ಚೆನ್ನಾಗೇ ಇರುತ್ತೆ. ತುದಿಗೆ ಹೋದ್ರೆ ಯಾರೋ ಅದನ್ನ ಹೊಲಿದು ಮುಚ್ಚಿಬಿಟ್ಟಿರ್ತಾರೆ. ಬೆರಳಾಡಿಸಿ ನೋಡಿದ್ರೆ, ನನ್ನದೇ ಹೊಲಿಗೆ."

ಕನಸಿಗೆ ನಾನು ಹೆದರುವವಳಲ್ಲ, ಆದರೆ ಅವರು ಹೇಳಿದ ರೀತಿಗೆ ಹೆದರಿದೆ. ಕೂಡಲೇ ನನ್ನ ತಂಗಿಯ ಮಗಳಿಗೆ ಫೋನ್ ಮಾಡಿದೆ. ನಮ್ಮ ಪುಟ್ಟಿ ಅದೇ ದೊಡ್ಡಾಸ್ಪತ್ರೆಯ ಪ್ರಯೋಗಾಲಯದಲ್ಲಿದ್ದಾಳೆ. ರಕ್ತ ಹೇಗೆ ಹೆಪ್ಪುಗಟ್ಟುತ್ತದೆ, ಅದರಿಂದ ಹೃದಯಕ್ಕೆ ಯಾಕೆ ಪೆಟ್ಟು ಬೀಳುತ್ತದೆ ಎಂದು ಸಂಶೋಧನೆ ಮಾಡುವ ಗುಂಪಿನವಳು.

"ಈಗಲೇ ಕರ್ಕೊಂಡು ಬನ್ನಿ ದೊಡ್ಡಮ್ಮ, ನಾಳೆಗೆ ಹಾಕಬೇಡಿ," ಎಂದಳು.

ಇವರು ಜಪ್ಪಯ್ಯ ಅಂದರೂ ಏಳಲಿಲ್ಲ. "ಕೋಟು ಮುಗೀಲಿ, ಆಮೇಲೆ ನೋಡೋಣ."

ನಾನು ಗೂಟದಿಂದ ಕೋಟು ಇಳಿಸಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡೆ. "ಕೋಟು ಆಸ್ಪತ್ರೆಗೆ ಹೊರಟಿದೆ. ನೀವು ಬರೋದಾದ್ರೆ ಬನ್ನಿ."

ಹೆಂಡತಿಯ ಹಿಂದೆ ಬರದವರು ಕೋಟಿನ ಹಿಂದೆ ಬಂದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಇವರ ಎದೆಯ ಬಡಿತದ ಇಸಿಜಿ ಚೀಟಿ ತೆಗೆಸಿ ನೋಡಿದರು. ಸದ್ಯಕ್ಕೆ ಗಾಬರಿಯಿಲ್ಲ ಎಂದು ರಕ್ತ ಪರೀಕ್ಷೆಗೆ ಕಳಿಸಿದರು. ಪ್ರಯೋಗಾಲಯದಲ್ಲಿ ಸದ್ದೇ ಇರಲಿಲ್ಲ. ಗಾಜಿನ ಕೊಳವೆಗಳು ಸಾಲಾಗಿ ನಿಂತಿದ್ದವು, ಯಂತ್ರಗಳು ನಿದ್ದೆಯಲ್ಲಿ ಉಸಿರಾಡುವವರ ಹಾಗೆ ಗುಯ್ ಎನ್ನುತ್ತಿದ್ದವು. ಪುಟ್ಟಿ ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸಿದಳು. ಕೆಂಪೆಲ್ಲ ಕೆಳಗಿಳಿದು, ಮೇಲೆ ಮಬ್ಬಾದ ಹಳದಿ ನೀರು ನಿಂತಿತು.

"ಪ್ಲೇಟ್‌ಲೆಟ್ ಅಂತ ಕೇಳಿದೀರಲ್ಲ ದೊಡ್ಡಪ್ಪ, ಈ ಮಬ್ಬು ಅದೇ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ಗಾಯ ಆದ ಕಡೆ ಮೊದಲು ಓಡಿ ಬರೋದು ಇವೇ."

ಆ ನೀರನ್ನು ಸಣ್ಣ ಕೊಳವೆಗೆ ತುಂಬಿ ಬೆಳಕಿನ ಮುಂದೆ ಇಟ್ಟಳು. ಪಕ್ಕದಲ್ಲಿ ಇನ್ನೊಂದು ಕೊಳವೆಯಿತ್ತು. ಅದು ಇವರ ಹಾಗೆಯೇ ಸ್ಟೆಂಟ್ ಹಾಕಿಸಿಕೊಂಡು, ತಪ್ಪದೆ ಮಾತ್ರೆ ನುಂಗುವ ಯಾರದೋ ರಕ್ತದ್ದು. ಗಾಯವಾದಾಗ ಈ ಕಣಗಳನ್ನು ಕರೆಯಲು ಮೈಯೊಳಗೆ ಸುದ್ದಿ ಹೊರಡುತ್ತದಲ್ಲ, ಅದೇ ಕೆಲಸ ಮಾಡುವ ಒಂದು ದ್ರಾವಣವಿದೆಯಂತೆ. ಅದನ್ನು ಎರಡಕ್ಕೂ ಒಂದೊಂದು ತೊಟ್ಟು ಬಿಟ್ಟಳು. ನಾವು ಮೂವರೂ ಉಸಿರು ಹಿಡಿದು ನೋಡಿದೆವು. ಪಕ್ಕದ ಕೊಳವೆ ಹಾಗೇ ಮಬ್ಬಾಗಿ ಉಳಿಯಿತು. ಇವರದರಲ್ಲಿ ಬಿಳಿ ಚೂರುಗಳು ಹುಟ್ಟಿ, ಸುತ್ತಿ ಸುತ್ತಿ ಒಂದಕ್ಕೊಂದು ಅಂಟಿಕೊಂಡವು. ನೀರು ತಿಳಿಯಾಗುತ್ತಾ ಹೋಯಿತು.

ಇವರಿಗೆ ಖುಷಿಯೋ ಖುಷಿ. "ನೋಡೆ, ನಂದು ಎಷ್ಟು ತಿಳಿ ಆಯ್ತು. ಶುದ್ಧ ರಕ್ತ."

"ತಿಳಿ ಆಗಿದ್ದು ಯಾಕೆ ಗೊತ್ತಾ ದೊಡ್ಡಪ್ಪ?" ಪುಟ್ಟಿಯ ಮುಖದಲ್ಲಿ ನಗು ಇರಲಿಲ್ಲ. "ಕಣಗಳೆಲ್ಲ ಅಂಟಿಕೊಂಡು ಉಂಡೆ ಕಟ್ಟಿದವು. ಮಾತ್ರೆ ಕೆಲಸ ಮಾಡ್ತಿದ್ರೆ ಹೀಗೆ ಆಗ್ತಿರಲಿಲ್ಲ."

ಇವರು ತಲೆ ತಗ್ಗಿಸಿದರು. ಹೆಂಡತಿಯ ಮುಂದೆ ಸುಳ್ಳು ನಡೆಯಬಹುದು, ಕೊಳವೆಯ ಮುಂದೆ ನಡೆಯಲಿಲ್ಲ.

ಆಮೇಲೆ ಅವರ ಕಣ್ಣು ಗೋಡೆಗೆ ಹಾಕಿದ್ದ ಒಂದು ಚಿತ್ರದ ಮೇಲೆ ನಿಂತಿತು. ಎದ್ದು ಹತ್ತಿರ ಹೋದರು. ಸಣ್ಣ ಸಣ್ಣ ಎಳೆಗಳು, ಒಂದರ ಮೇಲೊಂದು, ಅಡ್ಡ, ನೇರ. "ಯಾರು ಮಾಡಿದ ರಫೂ ಇದು? ಕೈ ಚೆನ್ನಾಗಿದೆ."

"ಅದು ರಕ್ತ ದೊಡ್ಡಪ್ಪ, ಸಾವಿರಾರು ಪಟ್ಟು ದೊಡ್ಡದು ಮಾಡಿರೋ ಚಿತ್ರ. ಪ್ಲೇಟ್‌ಲೆಟ್ ಬಂದು ಕೂತ ಮೇಲೆ ರಕ್ತ ತಾನೇ ನೂಲು ತೆಗೆದು ಹೀಗೆ ಬಲೆ ಹೆಣೆಯುತ್ತೆ. ನಿಮ್ಮ ಬೆರಳಿನ ತೂತು ಮುಚ್ಚೋದು ಇದೇ."

ಇವರು ಎಡಗೈಯ ಬೆರಳನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. ಒಳಗೊಬ್ಬ ಕಸುಬುದಾರ ಇಷ್ಟು ವರ್ಷ ಕೂಲಿಯಿಲ್ಲದೆ ಕೂತು ತಮ್ಮದೇ ಕೆಲಸ ಮಾಡುತ್ತಿದ್ದ ಎಂಬುದು ಅವರಿಗೆ ಕನಸಿನ ಹಾಗೆ ಕಂಡಿರಬೇಕು.

"ಇಷ್ಟು ಒಳ್ಳೆ ಕೆಲಸಗಾರನ್ನ ಮಾತ್ರೆ ಕೊಟ್ಟು ಯಾಕಮ್ಮ ತಡೀತೀರಿ?"

"ಬೆರಳಲ್ಲಿ ಅವನು ಬೇಕು. ಆದ್ರೆ ಅವನಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗಲ್ಲ. ಹೃದಯದ ರಕ್ತನಾಳದ ಒಳಗೋಡೆಗೆ ಕೊಬ್ಬು ಕೂತಿರುತ್ತಲ್ಲ, ಅದು ಬಿರುಕು ಬಿಟ್ರೆ ಅದೂ ಗಾಯ ಅಂತಲೇ ತಿಳಿದು ಓಡಿ ಬರ್ತಾನೆ. ಹೊಸದಾಗಿ ಹಾಕಿರೋ ಸ್ಟೆಂಟ್ ಕಂಡ್ರೂ ಅಷ್ಟೇ. ನಾಳ ಸಣ್ಣದು. ಅವನು ಹೆಣೀತಾ ಹೋದ್ರೆ..."

"ತೋಳಿನ ಎರಡು ಪದರನೂ ಸೂಜಿಗೆ ಸಿಕ್ಕಿಬಿಡುತ್ತೆ," ಎಂದರು ಇವರು. ದನಿ ಇಳಿದಿತ್ತು. "ಕೆಲಸ ಕಲಿಯೋರೆಲ್ಲ ಮಾಡೋ ತಪ್ಪು ಅದು. ಮೇಲಿನ ಪದರದ ತೂತು ಮುಚ್ಚೋಕೆ ಹೋಗಿ ಕೆಳಗಿನದನ್ನೂ ಸೇರಿಸಿ ಹೊಲೀತಾರೆ. ರಫೂ ಚೆನ್ನಾಗೇ ಇರುತ್ತೆ. ಕೈ ಮಾತ್ರ ಹೊರಗೆ ಬರಲ್ಲ."

ಹಾಗೆಂದವರು ನನ್ನ ಕಡೆ ತಿರುಗಿದರು. ಕನಸಿನ ತೋಳು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಪುಟ್ಟಿ ಇದ್ದಾಳೆ ಎಂಬ ಪರಿವೆಯಿಲ್ಲದೆ ನನ್ನ ಕೈ ಹಿಡಿದುಕೊಂಡರು. ನನಗೆ ಅಳು ತಡೆಯಲಾಗಲಿಲ್ಲ.

"ಚುಕ್ಕೆ ಬಿದ್ದ ಕೋಟನ್ನ ಒಗೀಬಹುದು ಕಣ್ರೀ," ಎಂದೆ. "ನಿಮ್ಮನ್ನ ನಾನು ಎಲ್ಲಿಂದ ತರಲಿ?"

ಡಾಕ್ಟರಮ್ಮನ ಮುಂದೆ ಇವರು ಮಾತ್ರೆಯ ಕಥೆಯೆಲ್ಲ ಬಿಚ್ಚಿಟ್ಟರು. ನಾನು ತಂದಿದ್ದ ಗುಂಡಿ ಡಬ್ಬಿ ತೆರೆದು, "ಬಿಟ್ಟಿದ್ದನ್ನೆಲ್ಲ ಈಗ ಒಟ್ಟಿಗೆ ನುಂಗಿಬಿಡಲಾ?" ಎಂದು ಕೇಳಿದರು.

"ಆ ತಪ್ಪು ಮಾತ್ರ ಮಾಡಬೇಡಿ. ಅವನ್ನ ಇಲ್ಲೇ ಕೊಡಿ. ಹೇಗೆ ಶುರು ಮಾಡಬೇಕು ಅಂತ ನಾನು ಹೇಳ್ತೀನಿ," ಎಂದರು ಅವರು. "ಈ ಮಾತ್ರೆಗೆ ರಕ್ತ ನಿಲ್ಲೋದು ಸ್ವಲ್ಪ ತಡ ಆಗುತ್ತೆ, ನಿಜ. ಶುದ್ಧ ಹತ್ತಿ ಇಟ್ಟು ಬಿಡದೆ ಒತ್ತಿ ಹಿಡೀರಿ. ನಿಂತಿತಾ ಅಂತ ಗಳಿಗೆಗೊಂದು ಸಲ ತೆಗೆದು ನೋಡಬೇಡಿ. ಅಷ್ಟಕ್ಕೂ ನಿಲ್ಲದಿದ್ರೆ, ಮಲ ಕಪ್ಪಗೆ ಹೋದ್ರೆ, ತಡ ಮಾಡದೆ ಇಲ್ಲಿಗೆ ಬನ್ನಿ. ತೊಂದರೆ ಹೇಳಬೇಕಾದ್ದು ನನಗೆ, ಗುಂಡಿ ಡಬ್ಬಿಗಲ್ಲ."

ಹೊರಡುವಾಗ ಇವರೇ ಪುಟ್ಟಿಯನ್ನು ಕೇಳಿದರು, "ನಿಮ್ಮ ಸಂಶೋಧನೆಗೆ ನನ್ನ ರಕ್ತ ಬೇಕಾ?" ಅವಳು ಎಲ್ಲ ವಿವರ ಹೇಳಿ, ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು ಎಂದಳು. ಇವರು ಒಪ್ಪಿ ರುಜು ಹಾಕಿದರು.

ಮನೆಗೆ ಬಂದು ಎಡಗೈ ಬೆರಳಿಗೆ ತೆಳುವಾದ ಚರ್ಮದ ಪಟ್ಟಿ ಕಟ್ಟಿಕೊಂಡರು. "ಬೆರಳು ಕುರುಡಾಯ್ತು," ಎಂದು ಎರಡು ದಿನ ಗೊಣಗಿದರು. ನಾನು ಹತ್ತಿ ಹಿಡಿದು ಪಕ್ಕದಲ್ಲೇ ಕೂತೆ. ಆದರೂ ಪಟ್ಟಿ ಜಾರಿದಾಗ ಒಮ್ಮೆ ಸೂಜಿ ತಾಗಿ, ಕೋಟಿನ ತೋಳಿನ ಒಳಬದಿಗೆ ಒಂದು ಚುಕ್ಕೆ ಬಿದ್ದೇ ಬಿತ್ತು. ತನ್ನ ರಕ್ತದ ಕಲೆಗೆ ತನ್ನ ಎಂಜಲೇ ಮದ್ದು ಎಂದು ಈ ಕಸುಬಿನವರ ಮಾತು. ಬಾಯಲ್ಲಿ ಒದ್ದೆ ಮಾಡಿದ ನೂಲಿನ ಉಂಡೆಯಿಂದ ಒತ್ತಿ ಒತ್ತಿ ತೆಗೆದರು. ಮಸುಕಾದ ಗುರುತು ಉಳಿಯಿತು.

ಮದುಮಗ ಬಂದಾಗ ಇವರೇ ತೋಳು ಮಗುಚಿ ಅದನ್ನು ತೋರಿಸಿದರು. ಅವನು ನಕ್ಕು, "ಒಳಗಡೆ ತಾನೇ ಮಾವ, ಇರಲಿ ಬಿಡಿ," ಎಂದು ಕೋಟು ಹಾಕಿಕೊಂಡ. ಬಿಳಿ ತೋಳಿನೊಳಗೆ ಅವನ ಕೈ ಹೋಯಿತು. ಆ ಕಡೆಯಿಂದ ಸರಾಗವಾಗಿ, ಐದು ಬೆರಳೂ ಅರಳಿಕೊಂಡು ಹೊರಗೆ ಬಂತು. ಇವರು ಆ ಕೈಯನ್ನೇ ನೋಡುತ್ತಾ ನಿಂತುಬಿಟ್ಟರು. ಹುಡುಗ ಹೋದ ಮೇಲೆ, "ಲೇ, ಇವತ್ತಿನ ಮಾತ್ರೆ ಕೊಟ್ಯಾ?" ಎಂದು ಕೇಳಿದರು. ಬೆಳಿಗ್ಗೆಯೇ ನುಂಗಿ, ನನಗೆ ನಾಲಿಗೆ ಎತ್ತಿ ತೋರಿಸಿದ್ದು ಅವರಿಗೆ ಮರೆತೇ ಹೋಗಿತ್ತು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಹೃದಯದ ತೊಂದರೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರು ಇರಬಹುದು. ಹುಷಾರಾಗಿದ್ದೇನೆ ಎಂದೋ, ರಕ್ತ ನಿಲ್ಲುವುದಿಲ್ಲ ಎಂದೋ ಅವರು ತಾವಾಗಿಯೇ ಬಿಟ್ಟುಬಿಡದಿರಲಿ. ಹಲ್ಲು ಕೀಳಿಸುವುದಿರಲಿ, ಬೇರೆ ಯಾವುದೇ ಚಿಕಿತ್ಸೆಯಿರಲಿ, ಈ ಮಾತ್ರೆಯ ವಿಷಯ ಮೊದಲೇ ಡಾಕ್ಟರಿಗೆ ಹೇಳಲಿ. ಎದೆ ಹಿಂಡಿದರೆ, ತಣ್ಣನೆ ಬೆವರು ಬಂದರೆ, ಉಸಿರು ಕಟ್ಟಿದರೆ, ಕೈಯಲ್ಲಿರುವ ಕೆಲಸ ಅಲ್ಲೇ ಬಿಟ್ಟು ಆಸ್ಪತ್ರೆಗೆ ಹೊರಡಿ. ಕೆಲಸ ಕಾಯುತ್ತದೆ.

ಇವತ್ತು ಒಮ್ಮೆ ನಿಮ್ಮ ಮನೆಯ ಗುಂಡಿ ಡಬ್ಬಿ ತೆಗೆದು ನೋಡಿ. ತೂತಿಲ್ಲದ ಗುಂಡಿ ಸಿಕ್ಕರೆ ಜಗಳವಾಡಬೇಡಿ. ಕೈ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.