ಹಿಂದಿನ ಕೋಣೆಯ ಕೆಸರು

ನೆರೆ ಇಳಿದು ವಾರವಾಗಿತ್ತು. ದೂರದೂರಿನ ಚರ್ಚಿನಿಂದ ಬಂದಿದ್ದ ಸೇವಾ ತಂಡದವರು ಸಲಿಕೆಗಳನ್ನು ಹೆಗಲಿಗೇರಿಸಿಕೊಂಡು ಬೀಗ ರಿಪೇರಿಯವನ ಮನೆಯ ಮುಂದೆ ನಿಂತರು. ಯಾವ ಮನೆಗೇ ಹೋಗಲಿ, ಮೊದಲು ಕೈ ಕೈ ಹಿಡಿದು ಪ್ರಾರ್ಥನೆ ಮಾಡಿ, ಆಮೇಲೆ ಕೆಸರಿಗೆ ಕೈ ಹಾಕುವುದು ಅವರ ರೂಢಿ. ಪಾದ್ರಿಗಳು ಕಣ್ಣು ಮುಚ್ಚಿ, "ಈ ಮನೆಯಿಂದ ಅಗಲಿದ ಅಕ್ಕನನ್ನು ನಿನ್ನ ಮಡಿಲಿಗೆ ಸೇರಿಸಿಕೋ, ಕರ್ತನೇ" ಎಂದರು.

ಆಮೆನ್ ಅನ್ನುವಷ್ಟರಲ್ಲಿ ಬಾಗಿಲು ದಢಾರನೆ ಮುಚ್ಚಿಕೊಂಡಿತು.

"ಅಗಲಿದ್ಳು ಅಂತ ನಿಮಗ್ಯಾರು ಹೇಳಿದ್ರು?" ಒಳಗಿನಿಂದ ಬೀಗದವನ ದನಿ ಬಂತು. "ದೇವರೇ ಬಂದು ನಿಮ್ಮ ಕಿವೀಲಿ ಊದಿದ್ನಾ?"

ಪಾದ್ರಿಗಳ ಮುಖ ಸಣ್ಣಗಾಯಿತು. ಪಕ್ಕದ ಮನೆಯಾಕೆ ಮೆಲ್ಲಗೆ ವಿಷಯ ಹೇಳಿದಳು. ಅವನನ್ನು ಸಾಕಿ ಬೆಳೆಸಿದ್ದೇ ಆ ಕುಂಟಕ್ಕ. ನೀರು ನುಗ್ಗಿದಾಗ ಇವನು ಅಂಗಡಿಯಲ್ಲಿದ್ದ, ಅವಳು ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಹುಡುಕಲು ಬಂದವರು ಕೆಸರಿಗೆ ಕೋಲು ಚುಚ್ಚಿ ನೋಡಿ, ಹಿತ್ತಿಲ ಬಾಗಿಲಿಂದ ಕೊಚ್ಚಿಕೊಂಡು ಹೋಗಿರಬೇಕು ಅಂದರು. ಗುರುತು ಸಿಗದ ಹೆಣಗಳು ಆಸ್ಪತ್ರೆಯಲ್ಲಿವೆ, ಬಂದು ನೋಡು ಎಂದು ಎಲ್ಲರೂ ಹೇಳಿದರು. ಅವನು ಮಾತ್ರ ಅಕ್ಕ ಒಳಗೇ ಇದ್ದಾಳೆ ಎಂದು ಹೊಸ್ತಿಲು ಬಿಟ್ಟು ಕದಲಲಿಲ್ಲ, ಆಮೇಲೆ ಯಾರನ್ನೂ ಒಳಗೆ ಬಿಡಲೂ ಇಲ್ಲ.

ಉಳಿದವರು ಮುಂದಿನ ಮನೆಗೆ ಹೊರಟರು. ತಂಡದಲ್ಲಿದ್ದ ಟೈಲರಮ್ಮ ಹೊರಡಲಿಲ್ಲ. ಇಬ್ಬರು ಮಕ್ಕಳನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಬಂದಿದ್ದವಳು ಅವಳು. ಹಟ ಹಿಡಿದ ಮಗುವಿನ ಪಕ್ಕ ಕೂರುವ ಹಾಗೆ ಮೆಟ್ಟಿಲ ಮೇಲೆ ಸುಮ್ಮನೆ ಕೂತಳು.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ಬೆರಳಷ್ಟು ತೆರೆಯಿತು.

"ಇನ್ನೂ ಇದ್ದೀಯಾ? ಒಬ್ಬಳೇ ಭಜನೆ ಮಾಡೋಕಾ?"

"ನನ್ನ ಗಂಟಲು ಕೇಳಿದ್ರೆ ನೀವು ಇನ್ನೊಂದು ಬೀಗ ಹಾಕ್ಕೊತೀರಿ, ಅಣ್ಣ."

ಅವನು ನಗಲಿಲ್ಲ. ಆದರೆ ಬಾಗಿಲನ್ನೂ ಮುಚ್ಚಲಿಲ್ಲ.

"ಸಲಿಕೆ ತರಬೇಡ ಮಗಳೇ," ಎಂದ. "ಸಲಿಕೆ ಅವಳಿಗೆ ತಾಗಿಬಿಟ್ರೆ?"

ಆಗ ಅವಳಿಗೆ ಅರ್ಥವಾಯಿತು. ಇಷ್ಟು ದಿನ ಅವನು ಯಾರನ್ನೂ ಒಳಗೆ ಬಿಡದಿದ್ದುದು ಇದಕ್ಕೇ. ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟಳು. "ಬರಿಗೈಲಿ ತೆಗೆಯೋಣ. ಎಲ್ಲಿಂದ ಶುರು ಮಾಡಲಿ, ಹೇಳಿ."

ಹಿಂದಿನ ಕೋಣೆಯಲ್ಲಿ ಕೆಸರು ಮೊಣಕಾಲುದ್ದ ನಿಂತಿತ್ತು. ಮೇಲೆ ಕೆನೆಗಟ್ಟಿ ಬಿರುಕು ಬಿಟ್ಟಿತ್ತು, ಕೆಳಗೆ ಇನ್ನೂ ತಣ್ಣಗೆ ಜಿಗುಟಾಗಿತ್ತು. ಇಬ್ಬರೂ ಮಂಡಿಯೂರಿ, ಬೊಗಸೆ ಬೊಗಸೆಯಾಗಿ ಬಾಚಿ ಬಕೆಟ್ಟಿಗೆ ತುಂಬಿದರು. ಏನಾದರೂ ಗಟ್ಟಿಯಾದದ್ದು ಕೈಗೆ ಸಿಕ್ಕರೆ ಅವನು ಕೈ ಹಿಂದೆಗೆಯುತ್ತಿದ್ದ. ಒಮ್ಮೆ ಮಂಚದ ಕಾಲು, ಇನ್ನೊಮ್ಮೆ ಸುತ್ತಿಕೊಂಡ ಕಂಬಳಿ. ಕಂಬಳಿಯನ್ನು ಅವನಿಂದ ಬಿಡಿಸಲಾಗಲಿಲ್ಲ. ಅವಳೇ ಮಡಿಕೆ ಮಡಿಕೆಯಾಗಿ ಬಿಡಿಸಿ ತೋರಿಸಿದಳು. ಒಳಗೆ ಬರೀ ಕೆಸರು.

ಅವಳನ್ನು ಹುಡುಕಿಕೊಂಡು ಬಂದ ಪಾದ್ರಿಗಳು ಬಾಗಿಲಲ್ಲೇ ನಿಂತು ನೋಡಿದರು. ಪ್ಯಾಂಟ್ ಮೇಲಕ್ಕೆ ಮಡಚಿ, ಬಕೆಟ್ ಎತ್ತಿಕೊಂಡರು. ಆ ದಿನ ತಂಡ ಅಂದುಕೊಂಡಿದ್ದ ಮನೆಗಳಲ್ಲಿ ಅರ್ಧವೂ ಮುಗಿಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮೂಲೆ ಮೂಲೆಯಲ್ಲೂ ನೆಲದ ಕಲ್ಲು ಕಂಡಿತು. ಬೀಗದವನು ಗೋಡೆಯ ಬುಡವನ್ನೆಲ್ಲ ಅಂಗೈಯಿಂದ ಸವರುತ್ತಾ ಒಂದು ಸುತ್ತು ಬಂದ. ಮತ್ತೆ ಸವರಿದ. ಆಮೇಲೆ ಖಾಲಿ ಕೋಣೆಯ ನಡುವೆ ಕುಕ್ಕರಿಸಿದ.

"ಇಲ್ಲಿಲ್ಲ," ಎಂದ.

"ಇಲ್ಲ, ಅಣ್ಣ."

"ಹಾಗಾದ್ರೆ ಇಷ್ಟು ದಿನ ಆ ಆಸ್ಪತ್ರೇಲೇ ಇದ್ದಾಳೆ. ನಮ್ಮವರು ಅಂತ ಯಾರೂ ಇಲ್ಲದೆ, ಒಬ್ಬಳೇ." ಮುಖ ಮುಚ್ಚಿಕೊಳ್ಳಲು ಹೋಗಿ, ಕೆಸರಾದ ಕೈಗಳನ್ನು ನೋಡಿ ಕೆಳಗಿಳಿಸಿದ. "ನಂಗೊಬ್ಬನಿಗೇ ಆ ಬಾಗಿಲು ದಾಟೋಕೆ ಆಗಲ್ಲ ಮಗಳೇ. ನೀನೂ ಬರ್ತೀಯಾ?"

ಹೊರಗೆ ತಂಡದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅವಳು ಪಾದ್ರಿಗಳ ಕಡೆ ನೋಡಿದಳು.

"ಹೋಗಿ ಬನ್ನಿ," ಎಂದರು ಅವರು. "ಬಸ್ಸು ಕಾಯುತ್ತೆ."

ಅವಳು ಚೊಂಬಿನಿಂದ ನೀರು ಹೊಯ್ದಳು. ಅವನು ಉಗುರಿನ ಸಂದಿನ ಕೆಸರು ಹೋಗುವವರೆಗೂ ಕೈ ಉಜ್ಜಿಕೊಂಡ. ಆಮೇಲೆ ಇಬ್ಬರೂ ಆಸ್ಪತ್ರೆಯ ದಾರಿ ಹಿಡಿದರು.